ಬಲಗಡೆಯ ಚಕ್ರ

ಹಾಲು ಉಕ್ಕಿ ಒಲೆಯ ಮೇಲೆಲ್ಲ ಹರಿದು, ಸೀದ ವಾಸನೆ ನಡುಮನೆಗೂ ಹೋದ ಮೇಲೆ ರುದ್ರಾಣಿಗೆ ಎಚ್ಚರವಾಯಿತು. ಅಲ್ಲಿಯವರೆಗೂ ಅವಳು ತನ್ನ ಎಡಗೈಯನ್ನೇ ನೋಡುತ್ತ ನಿಂತಿದ್ದಳು. ಈ ಕೈ ನಿನ್ನೆ ನರಸೀಪುರದ ಛತ್ರದ ಮುಂದೆ ಕಾರಿನ ಹ್ಯಾಂಡ್‌ಬ್ರೇಕನ್ನು ಇಳಿಸಿತ್ತೋ ಇಲ್ಲವೋ? ಇಳಿಸಿರಬೇಕು. ದಿನಾ ಮಾಡುವ ಕೆಲಸವನ್ನು ಕೈ ಮಾಡಿಬಿಡುತ್ತದೆ, ತಲೆ ಅದನ್ನು ಬರೆದಿಟ್ಟುಕೊಳ್ಳುವುದಿಲ್ಲ. ಬೆಳಿಗ್ಗೆ ಬಾಗಿಲಿನ ಅಗುಳಿ ತೆಗೆದದ್ದು ಯಾರಿಗೆ ನೆನಪಿರುತ್ತದೆ? ಆದರೆ ಬಾಗಿಲು ತೆರೆದಿದ್ದರೆ ತೆಗೆದದ್ದು ನಿಜವೆಂದು ಹೇಳಬಹುದು, ಇಲ್ಲಿ ಹಾಗೆ ಹೇಳುವುದಕ್ಕೆ ಏನೂ ಇರಲಿಲ್ಲ. ರಾತ್ರಿಯಿಡೀ ಅವಳು ಆ ಒಂದು ಗಳಿಗೆಗೆ ಮತ್ತೆ ಮತ್ತೆ ಹೋಗಿ ಬಂದಿದ್ದಳು. ಒಂದು ಸಲ ಕೈ ಗುಂಡಿಯನ್ನು ಒತ್ತಿ ಲಿವರನ್ನು ಕೆಳಗೆ ತಳ್ಳುತ್ತಿತ್ತು, ಇನ್ನೊಂದು ಸಲ ಅದೇ ಕೈ ಜಾರುವ ಸೆರಗನ್ನು ಎಳೆದುಕೊಂಡು ನೇರವಾಗಿ ಗೇರಿಗೆ ಹೋಗುತ್ತಿತ್ತು. ಎರಡೂ ನಿಜವೆನ್ನಿಸುತ್ತಿತ್ತು.

"ಅಯ್ಯೋ, ಆಲೆಲ್ಲ ಓಯ್ತಲ್ಲವ್ವ! ಎಲ್ಲವ್ವ ನಿನ್ ಗ್ಯಾನ?" ಎಂದು ಅತ್ತೆ ಚಿನ್ನಮ್ಮ ಒದ್ದೆ ಬಟ್ಟೆ ಹಿಡಿದು ಬಂದರು. ಬೈಗುಳ ಅಷ್ಟಕ್ಕೇ ನಿಂತದ್ದರಿಂದ ರುದ್ರಾಣಿಗೆ ಇನ್ನಷ್ಟು ಕಸಿವಿಸಿಯಾಯಿತು. ಬೇರೆ ದಿನವಾಗಿದ್ದರೆ ಅತ್ತೆ ಹಾಲಿನಿಂದ ಹಿಡಿದು ಅವಳ ತವರಿನವರೆಗೆ ಹೋಗಿ ಬರುತ್ತಿದ್ದರು. ಇವತ್ತು ಸುಮ್ಮನೆ ಒಲೆ ಒರೆಸಿದರು. ಪಾಪ ಅನ್ನಿಸಿಕೊಳ್ಳುವುದಕ್ಕಿಂತ ಬೈಸಿಕೊಳ್ಳುವುದೇ ವಾಸಿ.

ನಿನ್ನೆ ಮಾವನ ತಂಗಿಯ ಮಗಳ ಮದುವೆ. ಊಟ ಮುಗಿಸಿ ನರಸೀಪುರ ಬಿಟ್ಟು, ನಾಲೆಯ ಸೇತುವೆ ದಾಟಿದ ಮೇಲೆ ಗಾಡಿ ಭಾರ ಅನ್ನಿಸತೊಡಗಿತ್ತು. ಒತ್ತಿದಷ್ಟೂ ಎಂಜಿನ್ ಒದರುತ್ತಿತ್ತೇ ಹೊರತು ಕಾರು ಮುಂದಕ್ಕೆ ಹೋಗುವುದಕ್ಕೆ ಒಲ್ಲೆ ಅನ್ನುತ್ತಿತ್ತು. ಹೋಳಿಗೆ ಉಂಡವರು ಕೂತಿದ್ದಾರೆ, ಅದಕ್ಕೇ ಇರಬೇಕೆಂದು ಅವಳು ತಮಾಷೆ ಮಾಡಿದ್ದಳು ಕೂಡ. ಆ ತಮಾಷೆಯನ್ನು ನೆನೆದರೆ ಈಗ ಮುಖ ಮುಚ್ಚಿಕೊಳ್ಳಬೇಕೆನ್ನಿಸುತ್ತದೆ. ಮೊದಲು ವಾಸನೆ, ಆಮೇಲೆ ಹೊಗೆ. ಟೀ ಅಂಗಡಿಯ ಮುಂದೆ ನಿಲ್ಲಿಸಿದಾಗ ಹಿಂದಿನ ಎಡಗಡೆಯ ಚಕ್ರದಿಂದ ಹೊಗೆ ಏಳುತ್ತಿತ್ತು. ಬೆಂಚಿನ ಮೇಲೆ ಕೂತಿದ್ದವರೆಲ್ಲ ಎದ್ದು ಬಂದರು. "ಅಮ್ಮಾವ್ರು ಆಂಡ್‌ಬ್ರೇಕ್ ಎಳ್ಕಂಡೇ ಓಡ್ಸವ್ರೆ ಕಣ್ಲಾ!" ಎಂದು ಒಬ್ಬ ಕಂಡುಹಿಡಿದ. "ಒಲೆ ಅಚ್ಚೋ ಕೈಗೆ ಸ್ಟೇರಿಂಗ್ ಕೊಟ್ರೆ ಗಾಡಿಗೂ ಒಲೆ ಅಚ್ಚದೆ ಬುಟ್ಟಾರಾ?" ಎಂದ ಇನ್ನೊಬ್ಬ. ಎಲ್ಲರೂ ನಕ್ಕರು, ಟೀ ಕಾಸುತ್ತಿದ್ದ ಹೆಂಗಸು ಕೂಡ ನಕ್ಕಳು. ರುದ್ರಾಣಿ ಬಗ್ಗಿ ಲಿವರಿನ ಕಡೆ ನೋಡುವಷ್ಟರಲ್ಲಿ ಹಿಂದಿನ ಸೀಟಿನಿಂದ ಚಾಚಿದ ಗಂಡ ಅಮೃತೇಶನ ಕೈ ಅದರ ಮೇಲಿತ್ತು. ಅವನು ಗಾಬರಿಯಲ್ಲಿ ಅದನ್ನು ಮೇಲಕ್ಕೆ ಕೆಳಕ್ಕೆ ಆಡಿಸುತ್ತಿದ್ದ. "ಎಳೆದೇ ಇತ್ತೇನ್ರೀ?" ಎಂದು ಕೇಳಿದಳು. "ಗೊತ್ತಾಗ್ನಿಲ್ಲ" ಎಂದ. ಇದ್ದ ಒಂದೇ ಸಾಕ್ಷಿಯನ್ನು ಅವನು ಆಡಿಸಿ ಆಡಿಸಿ ಹಾಳು ಮಾಡಿದ್ದ. ಮಾವ ಪುಟ್ಟಬಸವಯ್ಯ ಮುಂದಿನ ಸೀಟಿನಿಂದ ಇಳಿದು, ಹೆಗಲ ಮೇಲಿನ ವಸ್ತ್ರವನ್ನು ಕೊಡವಿ, ಬರುತ್ತಿದ್ದ ಬಸ್ಸಿಗೆ ಕೈ ಅಡ್ಡ ಹಿಡಿದು ಹತ್ತಿಕೊಂಡರು. ನಂಜನಗೂಡಿನ ಅಕ್ಕಿ ಮಂಡಿಯಲ್ಲಿ ಅವರ ಮಾತಿಗೆ ತೂಕವಿತ್ತು, ಮೌನಕ್ಕೆ ಇನ್ನೂ ಹೆಚ್ಚಿನ ತೂಕವಿತ್ತು.

ಚಕ್ರ ಆರಿದ ಮೇಲೆ ತೆವಳಿಕೊಂಡು ಮನೆ ಮುಟ್ಟಿದ್ದಾಯಿತು. ಮಾವ ಹೊರಗೆ ಬಂದು, ಯಾವತ್ತಿನ ಹಾಗೆ ಒಳಗೆ ಬಗ್ಗಿ, ಎರಡೂ ಕೈಯಲ್ಲಿ ಹ್ಯಾಂಡ್‌ಬ್ರೇಕನ್ನು ಕಿತ್ತುಹೋಗುವ ಹಾಗೆ ಎಳೆದು ಚಕ್ರಕ್ಕೆ ಕಲ್ಲು ಕೊಟ್ಟರು. ಪ್ರಾಯದಲ್ಲಿ ಅವರ ಅಕ್ಕಿ ಮೂಟೆಯ ಗಾಡಿ ಹೊಳೆಯ ಇಳಿಜಾರಿನಲ್ಲಿ ಜಾರಿ ಒಂದು ಎತ್ತು ಹೋಗಿತ್ತಂತೆ, ಆವತ್ತಿನಿಂದ ಚಕ್ರವಿರುವ ಯಾವುದನ್ನೂ ಅವರು ನಂಬುತ್ತಿರಲಿಲ್ಲ. ಇವತ್ತು ಬೆಳಿಗ್ಗೆ ಕಾಫಿ ಲೋಟ ಕೆಳಗಿಟ್ಟು ಹೇಳಿದರು: "ಸಂಜೆಗೆ ರಂಗನಾಯ್ಕ ಬತ್ತಾನೆ. ಲಾರಿ ಓಡ್ಸಿದ್ದವನು. ಗಾಡೀನ ಮೆಕ್ಯಾನಿಕ್‌ತವ್ಕೆ ಅವನೇ ಸಾಗಿಸ್ತಾನೆ, ನಾಳಿಂದ ಅವನೇ ಓಡುಸ್ತಾನೆ. ನೀನಿನ್ನು ಸ್ಟೇರಿಂಗ್ ಮುಟ್ಟದು ಬ್ಯಾಡ ಕಣವ್ವ." ಕೂಗಾಡಿದ್ದರೆ ಎದುರು ಮಾತಾಡಬಹುದಿತ್ತು. ಆ 'ಕಣವ್ವ'ದಲ್ಲಿ ಇದ್ದದ್ದು ಮೆತ್ತಗಿನ ದನಿ. ಅಮೃತೇಶ ಇಡ್ಲಿಯನ್ನು ಚಟ್ನಿಯಲ್ಲಿ ಅದ್ದುತ್ತಲೇ ಇದ್ದ. ಅವನಿಗೆ ಡ್ರೈವಿಂಗ್ ಬರುತ್ತಿರಲಿಲ್ಲ ಅಂತಲ್ಲ, ಎದುರಿಗೆ ಬಸ್ಸು ಬಂದರೆ ಕಣ್ಣು ಮುಚ್ಚಿಕೊಳ್ಳುತ್ತಿದ್ದ, ಅಷ್ಟೆ.

ಹಾಗಾಗಿಯೇ ಅವಳು ಕಲಿತದ್ದು. ಮದುವೆಯಾಗಿ ಬಂದ ಮೇಲೆ ಈ ಮನೆಯಲ್ಲಿ ಅವಳನ್ನು ಯಾರೂ ಏನೂ ಅಂದಿರಲಿಲ್ಲ, ಏನೂ ಕೇಳಿಯೂ ಇರಲಿಲ್ಲ. ಸಾರಿಗೆ ಉಪ್ಪು ಹೆಚ್ಚಾದಾಗ ಮಾತ್ರ ಅವಳು ಇದ್ದಾಳೆಂದು ಗೊತ್ತಾಗುತ್ತಿತ್ತು. ಕಾರು ಓಡಿಸತೊಡಗಿದ ಮೇಲೆ "ರುದ್ರಾಣಿ ಪುರುಸೊತ್ತಾಗವ್ಳಾ ಕೇಳು" ಎಂಬ ಮಾತು ಹುಟ್ಟಿತು. ಮಾವ ಮೈಸೂರಿಗೆ ಹೋಗಬೇಕಾದರೆ ಅವಳ ಬಿಡುವು ನೋಡುತ್ತಿದ್ದರು. ಕಳಲೆಯ ನೆಂಟರು ಅವಳ ಹೆಸರು ಹಿಡಿದು ಕರೆಯುತ್ತಿದ್ದರು. ಸ್ಟೇರಿಂಗ್ ಹಿಡಿದಾಗ ಅವಳ ಬೆನ್ನು ತಾನಾಗಿ ನೆಟ್ಟಗಾಗುತ್ತಿತ್ತು. ಇದೆಲ್ಲ ಸಂಜೆಗೆ ಮುಗಿಯುತ್ತದೆ. ಮುಗಿಯಲಿ, ತಪ್ಪು ಅವಳದೇ ಆಗಿದ್ದರೆ ಮುಗಿಯಲಿ. ಆದರೆ ಬೇರೆ ಯಾರೋ ಚಕ್ರ ಬಿಚ್ಚಿ, ಒಳಗೆ ಸುಟ್ಟದ್ದನ್ನು ನೋಡಿ, "ಎಂಗಸ್ರು ಓಡ್ಸಿದ್ರೆ ಇಷ್ಟೇ" ಅಂದುಬಿಟ್ಟರೆ ಅದೇ ಜನ್ಮಪೂರ್ತಿ ಸತ್ಯವಾಗಿ ಉಳಿಯುತ್ತದೆ. ಬಿಚ್ಚಿದವರು ಹೇಳಿದ್ದೇ ಮಾತು. ಅಪ್ಪ ಮಗ ಮಂಡಿಗೆ ಹೋದದ್ದನ್ನು ನೋಡಿಕೊಂಡು ಅವಳು ಕೋಣೆಗೆ ಹೋಗಿ ಮಂಚದ ಕೆಳಗಿನ ಗೋಣಿಚೀಲವನ್ನು ಹೊರಗೆಳೆದಳು.

ಚೀಲದಲ್ಲಿ ಅವಳ ಅಪ್ಪ ಚಿಕ್ಕಬಸಪ್ಪನ ಸಾಮಾನಿತ್ತು. ನರಸೀಪುರದ ಬಸ್ ಸ್ಟ್ಯಾಂಡಿನ ಹತ್ತಿರ ಅವನದು ಸೈಕಲ್ ಶಾಪು. ಕಣ್ಣು ಮಂಜಾಗಿ ಅಂಗಡಿ ಮುಚ್ಚಿದಾಗ ಮಗಳು ಸೀರೆ ಕೇಳದೆ ಸ್ಪ್ಯಾನರು ಕೇಳಿದ್ದಳು. "ಬೇರೆ ಮನೆ ಸೊಸೇರು ತವರಿಂದ ಬೆಳ್ಳಿ ತಟ್ಟೆ ತತ್ತಾರೆ, ನಮ್ಮ ಸೊಸೆ ಕಬ್ಬಿಣ ತಂದವ್ಳೆ" ಎಂದು ಈ ಮನೆಯಲ್ಲಿ ತುಂಬ ದಿನ ನಕ್ಕಿದ್ದರು. ಅವಳೂ ನಕ್ಕಿದ್ದಳು, ನಗದೆ ಇನ್ನೇನು ಮಾಡುವುದು. ಚೀಲ ಬಿಚ್ಚಿದೊಡನೆ ಹಳೇ ಎಣ್ಣೆಯ ವಾಸನೆ ಬಂತು, ಅದರ ಹಿಂದೆಯೇ ಆ ಅಂಗಡಿಯ ನೆನಪು. ಲಂಗ ಮೊಣಕಾಲಿಗೆ ಎತ್ತಿ ಕಟ್ಟಿಕೊಂಡು ಕೂತ ಹುಡುಗಿ, ತಲೆಕೆಳಗಾಗಿ ನಿಂತ ಸೈಕಲ್ಲು, ಚಕ್ರವನ್ನು ಬೆರಳಲ್ಲಿ ತಳ್ಳಿ ಕಿವಿಗೊಟ್ಟು ಕೇಳುವ ಅಪ್ಪ. "ಬ್ರೇಕ್ ಇಡ್ಯೋದು ದೊಡ್ಡದಲ್ಲ ಮಗ, ಬುಡಬೇಕು. ಬುಡದೆ ಇದ್ರೆ ಅದು ಬ್ರೇಕಲ್ಲ, ಸಂಕೋಲೆ." ಅಪ್ಪ ಬಾಯಿ ತೆರೆದರೆ ಹೀಗೆಯೇ ಮಾತಾಡುತ್ತಿದ್ದ, ಅಂಗಡಿಗೆ ಬಂದವರು ಆಕಳಿಸುತ್ತಿದ್ದರು.

ಮುಂದಿನ ಚಕ್ರಗಳಿಗೆ ಹಿಂದೆ ಮುಂದೆ ಕಲ್ಲು ಕೊಟ್ಟು, ಲಿವರನ್ನು ಪೂರ್ತಿ ಇಳಿಸಿ, ಜಾಕಿ ಏರಿಸಿ, ಜಾಕಿಯ ಪಕ್ಕಕ್ಕೆ ಹಲಸಿನ ದಿಮ್ಮಿಯನ್ನು ಸೇರಿಸಿ ನೂಕಿದಳು. ಜಾಕಿಯೊಂದನ್ನೇ ನಂಬಿ ಕೈ ಹಾಕಬಾರದೆಂದು ಅವಳಿಗೆ ಯಾರೂ ಹೇಳಿರಲಿಲ್ಲ, ನೋಡಿದರೇ ಗೊತ್ತಾಗುತ್ತಿತ್ತು. ಎಡಗಡೆಯ ಚಕ್ರವನ್ನು ಎರಡು ಕೈಯಲ್ಲಿ ಹಿಡಿದು ತಿರುಗಿಸಿದರೆ ಕದಲಲಿಲ್ಲ. ಚಕ್ರ ಬಿಚ್ಚಿದ ಮೇಲೆ ಒಳಗಿನ ಡ್ರಮ್ಮು ಸುಟ್ಟು ನೀಲಿಗೆ ತಿರುಗಿ ಕೂತಿತ್ತು. ಬೋಗುಣಿಯಂಥ ಈ ಡ್ರಮ್ಮು ಹೊರಗೆ ಬಂದರೆ ತಾನೆ ಬ್ರೇಕು ಕಾಣುವುದು. ಸುತ್ತಲೂ ಮರದ ತುಂಡು ಇಟ್ಟು ಸುತ್ತಿಗೆಯಿಂದ ತಟ್ಟಿದಳು. ಬರಲಿಲ್ಲ. ಜೋರಾಗಿ ತಟ್ಟಿದಳು. ಚಿನ್ನಮ್ಮ ಓಡಿ ಬಂದರು.

"ಏನವ್ವ ಮಾಡ್ತಿದ್ದೀಯ? ಓಣಿಯವರೆಲ್ಲ ನೋಡ್ತಾವ್ರೆ!"

"ನೋಡ್ಲಿ ಬುಡಿ ಅತ್ತೆ."

"ನಿಮ್ಮಾವ ಬಂದ್ರೆ ನನ್ ಬಯ್ತಾರೆ ಕಣೆ. ಇದ್ದಬದ್ದದ್ನೂ ಕೆಡಿಸಿಕ್ದೆ ಅಂತಾರೆ."

"ಕೆಟ್ಟಿರೋದು ಕೆಟ್ಟದೆ. ಯಾಕೆ ಕೆಟ್ಟದೆ ಅಂತ ನೋಡ್ತೀನಿ. ನಂದೇ ತಪ್ಪಾಗಿದ್ರೆ ನಾನೇ ಮಾವಂಗೆ ಏಳ್ತೀನಿ."

ಅತ್ತೆ ಜಗಲಿಯ ಮೇಲೆ ಕೂತರು, ಒಳಗೆ ಹೋಗಲಿಲ್ಲ. ಎದುರು ಮನೆಯ ಕಿಟಕಿಯಲ್ಲಿ ಒಂದು ತಲೆ ಕಂಡಿತು. ನಿನ್ನೆಯ ನಗು ರುದ್ರಾಣಿಯ ಬೆನ್ನಿನ ಮೇಲೆ ಇನ್ನೂ ಹರಿದಾಡುತ್ತಿತ್ತು. ಡ್ರಮ್ಮಿನ ಮುಖದಲ್ಲಿ ಎರಡು ಸಣ್ಣ ತೂತುಗಳಿದ್ದವು. ಅವುಗಳ ಕೊಳೆ ಕೆರೆದರೆ ಒಳಗೆ ಥ್ರೆಡ್ ಕಂಡಿತು. ಯಾವುದನ್ನೋ ಕೂರಿಸುವುದಕ್ಕಲ್ಲದೆ ಸುಮ್ಮನೆ ಯಾರು ತೂತು ಕೊರೆದಾರು? ಅಪ್ಪನ ಡಬ್ಬಿಯಲ್ಲಿ ಹುಡುಕಿ ಎರಡು ಬೋಲ್ಟು ಹಾಕಿ, ಇತ್ತ ಅರ್ಧ ಸುತ್ತು, ಅತ್ತ ಅರ್ಧ ಸುತ್ತು ಬಿಗಿಯುತ್ತ ಹೋದಳು. ಡ್ರಮ್ಮು ನರಳಿತು. ಕೂದಲೆಳೆಯಷ್ಟು ಸಂದು ಬಿಟ್ಟಿತು. ಆಮೇಲೆ ಒಮ್ಮೆಗೇ ಕಳಚಿಕೊಂಡು ಅವಳ ತೊಡೆಯ ಮೇಲೆ ಬಿತ್ತು, ಅವಳು ಅದನ್ನು ತಬ್ಬಿಕೊಂಡು ಹಿಂದಕ್ಕೆ ಕೂತಳು. "ಬಂತಾ?" ಎಂದು ಅತ್ತೆ ಜಗಲಿಯಿಂದ ಕೇಳಿದರು. ಆ ದನಿಯಲ್ಲಿ ಬೈಗುಳ ಇರಲಿಲ್ಲ.

ಒಳಗೆ ಕಪ್ಪು ಪುಡಿ. ಊದಬಾರದು, ಮೂಗಿಗೆ ಹೋದರೆ ಕೆಟ್ಟದ್ದು, ಒದ್ದೆ ಬಟ್ಟೆಯಲ್ಲಿ ಒರೆಸಿದಳು. ಬಾಗಿದ ಎರಡು ಬ್ರೇಕ್ ಶೂಗಳು ಡ್ರಮ್ಮಿನ ಗೋಡೆಗೆ ಒತ್ತುವ ಹಾಗೆ ಅಗಲಿಕೊಂಡೇ ನಿಂತಿದ್ದವು. ಒಂದರ ಬೆನ್ನಿಗೆ ಸಣ್ಣ ಪಟ್ಟಿ, ಆ ಪಟ್ಟಿಯ ತುದಿಗೆ ಕೇಬಲ್ಲು. ಹ್ಯಾಂಡ್‌ಬ್ರೇಕ್ ಎಳೆದರೆ ಈ ಕೇಬಲ್ಲು ಪಟ್ಟಿಯನ್ನು ಎಳೆಯುತ್ತದೆ, ಪಟ್ಟಿ ಶೂವನ್ನು ತಳ್ಳುತ್ತದೆ. ಅಯ್ಯೋ, ಇದು ಸೈಕಲ್ಲೇ ಅಲ್ಲವೇ! ಇಷ್ಟು ದಿನ ಇಷ್ಟು ದೊಡ್ಡ ಗಾಡಿ ಎಂದು ಹೆದರಿದ್ದು ಇದಕ್ಕೆಯೇ? ಅವಳಿಗೆ ನಗು ಬಂತು. ಆದರೆ ಪರೀಕ್ಷೆಗೆ ಇಬ್ಬರು ಬೇಕು, ಒಬ್ಬರು ಇಲ್ಲಿ, ಒಬ್ಬರು ಲಿವರಿನ ಹತ್ತಿರ.

"ಅತ್ತೆ, ಒಳಗೆ ಅತ್ತಿ ಕೂತ್ಕಳಿ."

"ನಾನಾ? ಎಲ್ಲಿ?"

"ನಾನು ಕೂತ್ಕೊಳೋ ಕಡೆ."

ಚಿನ್ನಮ್ಮ ಓಣಿಯ ಆಚೆ ಈಚೆ ನೋಡಿ, ಸೀರೆ ಎತ್ತಿಕೊಂಡು, ದೇವರ ಮನೆಗೆ ಹೋಗುವವರಂತೆ ಚಪ್ಪಲಿ ಹೊರಗೆ ಬಿಟ್ಟು ಡ್ರೈವರ್ ಸೀಟಿನಲ್ಲಿ ಕೂತರು. ಈ ಮನೆಯ ಗಾಡಿಗಳಲ್ಲಿ ಅವರು ಯಾವತ್ತೂ ಹಿಂದಿನ ಸೀಟಿನಲ್ಲಿ ತಟ್ಟೆ, ತೆಂಗಿನಕಾಯಿಯ ಚೀಲಗಳ ನಡುವೆ ಕೂತು ಬಂದವರು. ಕೈ ಎಲ್ಲಿಡಬೇಕೆಂದು ತಿಳಿಯದೆ ಸ್ಟೇರಿಂಗಿನ ಮೇಲೆ ಇಟ್ಟು, ಬಿಸಿ ಮುಟ್ಟಿದವರಂತೆ ತೆಗೆದು, ಮತ್ತೆ ಇಟ್ಟರು. "ಮುಂದ್ಕೆ ಓಗ್ಬುಟ್ಟದಾ?" ಎಂದು ಕೇಳಿದರು. ರುದ್ರಾಣಿ ನಕ್ಕು, "ಕಲ್ಲು ಕೊಟ್ಟಿವ್ನಿ, ಎಲ್ಲೂ ಓಗಲ್ಲ. ಎಳೀರಿ" ಎಂದಳು. ಎಳೆದರು. ಪಟ್ಟಿ ಮುಂದಕ್ಕೆ ಬಂತು. "ಗುಂಡಿ ಒತ್ತಿ ಬುಡಿ." ಪಟ್ಟಿ ಇದ್ದಲ್ಲೇ ಇತ್ತು.

"ಬುಟ್ರಾ ಅತ್ತೆ?"

"ಬುಟ್ಟಿವ್ನಿ ಕಣವ್ವ."

"ಪೂರ್ತಿ ಬುಡಿ."

"ಇನ್ನೆಂಗೆ ಬುಡನೆ? ತಳಕ್ಕೇ ಕುಂತದೆ. ಬಂದು ನೋಡು ಬೇಕಾದ್ರೆ!"

ಹೋಗಿ ನೋಡಿದಳು. ಲಿವರು ಕೆಳಗೆ ಮಲಗಿತ್ತು. ಚಕ್ರದ ಹತ್ತಿರ ಕೇಬಲ್ಲು ವೀಣೆಯ ತಂತಿಯ ಹಾಗೆ ಬಿಗಿದುಕೊಂಡೇ ಇತ್ತು. ಇಕ್ಕಳದಲ್ಲಿ ಕೇಬಲ್ಲನ್ನು ಪಟ್ಟಿಯಿಂದ ತಪ್ಪಿಸಿದ ಕೂಡಲೇ ಪಟ್ಟಿ ಟಕ್ಕನೆ ಹಿಂದಕ್ಕೆ ಹೋಯಿತು, ಶೂಗಳು ಒಳಕ್ಕೆ ಸರಿದುಕೊಂಡವು. ರೋಗ ಕೇಬಲ್ಲಿನದು. ಎಳೆದರೆ ಬರುತ್ತದೆ, ಬಿಟ್ಟರೆ ಹೋಗುವುದಿಲ್ಲ. ಅದರ ಹೊದಿಕೆಯನ್ನು ಬಗ್ಗಿಸಿದಾಗ ಹರಿದ ರಬ್ಬರಿನ ಬಾಯಿಂದ ಕೆಂಪು ನೀರು ಜಿನುಗಿ ಅವಳ ಅಂಗೈಗೆ ಬಿತ್ತು. ತುಕ್ಕಿನ ನೀರು. ಅವಳು ಅದನ್ನೇ ನೋಡುತ್ತ ಕೂತಳು. ಮಳೆ ಬಿದ್ದು ಎಷ್ಟೋ ದಿನವಾಗಿತ್ತು.

ಸೋಮವಾರ. ಪ್ರತಿ ಸೋಮವಾರ ಮಾವ ಕಾರನ್ನು ಕಪಿಲೆ ಹೊಳೆಗೆ ಇಳಿಸುತ್ತಿದ್ದರು, ಇಳಿಸುತ್ತಿದ್ದದ್ದು ಅವಳೇ, ಪಕ್ಕದಲ್ಲಿ ಕೂತು "ಇನ್ನೂ ವಸಿ, ಇನ್ನೂ ವಸಿ" ಎನ್ನುತ್ತಿದ್ದದ್ದು ಮಾವ. ಎಡಗಡೆಯ ಚಕ್ರಗಳು ಅರ್ಧ ಮುಳುಗುವ ತನಕ. ಅವರು ಪಂಚೆ ಎತ್ತಿ ಕಟ್ಟಿ, ಚೊಂಬಿನಲ್ಲಿ ನೀರು ಮೊಗೆದು ಮೊಗೆದು ಚಕ್ರಗಳಿಗೆ ಹೊಯ್ಯುತ್ತಿದ್ದರು, ನಂಜುಂಡಪ್ಪನ ನೆತ್ತಿಗೆ ಹೊಯ್ಯುವಷ್ಟೇ ಭಕ್ತಿಯಿಂದ. ಮನೆಗೆ ತಂದು ಬಾನೆಟ್ಟಿಗೆ ವಿಭೂತಿ ಎಳೆದು, ನೀರು ಸೋರುತ್ತಿದ್ದ ಗಾಡಿಗೆ ಎರಡು ಕೈಯಲ್ಲಿ ಹ್ಯಾಂಡ್‌ಬ್ರೇಕ್ ಬಿಗಿದರೆ, ಗುರುವಾರದವರೆಗೆ ಅದನ್ನು ಯಾರೂ ಮುಟ್ಟುವಂತಿರಲಿಲ್ಲ. ಅಭಿಷೇಕ ಮಾಡಿ ಮಾಡಿ ಬ್ರೇಕಿಗೆ ತುಕ್ಕು ಹಿಡಿಸಿದ್ದರು. ಅವಳಿಗೆ ಒಂದು ಗಳಿಗೆ ಕುಣಿಯಬೇಕೆನ್ನಿಸಿತು. ಸಂಜೆ ಆ ಲಾರಿ ಡ್ರೈವರನ ಮುಂದೆ ಈ ಕೆಂಪು ನೀರನ್ನು ಮಾವನ ಬಿಳಿ ಪಂಚೆಯ ಮುಂದೆ ಹಿಡಿದು, ಇದು ಯಾರ ತಪ್ಪು ಹೇಳಿ ಎನ್ನಬೇಕು. ನಿನ್ನೆ ಬಸ್ಸು ಹತ್ತಿದರಲ್ಲ! ಆಮೇಲೆ ಕೈ ಒರೆಸಿಕೊಳ್ಳುತ್ತಿದ್ದಾಗ ರಾತ್ರಿಯ ಹುಳು ಮತ್ತೆ ಎದ್ದಿತು. ಕೇಬಲ್ಲು ಹಿಡಿದುಕೊಂಡಿತ್ತು, ಸರಿ. ಆದರೆ ನೀನು ಇಳಿಸಿದ್ದೆಯಾ? ಇಳಿಸದೆ ಓಡಿಸಿದ್ದರೂ ಈ ಚಕ್ರ ಹೀಗೆಯೇ ಸುಡುತ್ತಿತ್ತಲ್ಲ. ಬೇರೆಯವರ ತಪ್ಪು ಸಿಕ್ಕಿತೆಂದರೆ ನಿನ್ನದು ಇಲ್ಲವೆಂದು ಆಗುತ್ತದೆಯೇ?

ಅವಳು ಕೆಲಸ ಮಾಡುತ್ತಲೇ ಇದ್ದಳು. ಕೇಬಲ್ಲನ್ನು ಬಿಚ್ಚಿ ತಂದು ಸೀಮೆಎಣ್ಣೆಯಲ್ಲಿ ನೆನೆಹಾಕಿ, ಎರಡು ತುದಿಯನ್ನು ಹಿಡಿದು ಎಳೆದಾಡಿ ತುಕ್ಕು ಕಾರಿಸಿದಳು. ಅಪ್ಪ ಮಾಡುತ್ತಿದ್ದ ಹಾಗೆ ಬಟ್ಟೆ ಒಣಹಾಕುವ ಗಳುವಿಗೆ ಅದನ್ನು ನೇತುಹಾಕಿ, ಮೇಲಿನ ತುದಿಗೆ ಪ್ಲಾಸ್ಟಿಕ್ ಕವರನ್ನು ಆಲಿಕೆಯ ಹಾಗೆ ದಾರದಿಂದ ಕಟ್ಟಿ ಎಂಜಿನ್ ಆಯಿಲ್ ಹೊಯ್ದಳು. ಎಣ್ಣೆ ತನ್ನ ಪಾಡಿಗೆ ಇಳಿಯಬೇಕು, ಅವಸರ ಮಾಡಿದರೆ ಆಗದು. ಅಷ್ಟರಲ್ಲಿ ಶೂಗಳ ಹೊಳಪನ್ನು ಉಪ್ಪುಕಾಗದದಿಂದ ಉಜ್ಜಿ, ಅವು ಕೂರುವ ಜಾಗದ ತುಕ್ಕು ತೆಗೆದು, ಬೆರಳ ತುದಿಯಷ್ಟು ಗ್ರೀಸು ಸವರಿದಳು. ಹಾಗೆ ಉಜ್ಜುತ್ತಿರುವಾಗಲೇ ತಲೆಗೆ ಹೊಳೆಯಿತು. ಒಂದೇ ಲಿವರು. ಅದರಿಂದ ಹೊರಡುವ ಕೇಬಲ್ಲುಗಳು ಎರಡು. ಲಿವರನ್ನು ಇಳಿಸದೆ ಓಡಿಸಿದ್ದರೆ ಬಲಗಡೆಯ ಚಕ್ರವೂ ಬಿಗಿದುಕೊಂಡೇ ಬಂದಿರಬೇಕು. ಅದೂ ಸುಟ್ಟಿರಬೇಕು. ಅವಳ ಕೈ ನಿಂತಿತು. ನಿನ್ನೆ ಹೊಗೆ ಕಂಡದ್ದು ಎಡಗಡೆ ಮಾತ್ರ, ಆದರೆ ಬಲಗಡೆಗೆ ಯಾರು ಹೋಗಿ ನೋಡಿದ್ದರು? ಎಲ್ಲರೂ ನಗುತ್ತ ಒಂದೇ ಕಡೆ ನಿಂತಿದ್ದರು.

ಬಿಚ್ಚದೆ ಇರಬಹುದಿತ್ತು. ಎಡಗಡೆಯದನ್ನು ಜೋಡಿಸಿ, ಕೆಂಪು ನೀರು ತೋರಿಸಿ, ಗೆದ್ದೆ ಅನ್ನಬಹುದಿತ್ತು, ಯಾರೂ ಅದಕ್ಕಿಂತ ಹೆಚ್ಚು ಕೇಳುತ್ತಿರಲಿಲ್ಲ. ಅತ್ತೆ ತಂದುಕೊಟ್ಟ ಕಾಫಿ ಕುಡಿಯುತ್ತ ಅವಳು ಕಾರಿನ ಆ ಕಡೆಗೆ ಹೋಗದೆ ಸುಮಾರು ಹೊತ್ತು ಕೂತಳು. ಆ ಡ್ರಮ್ಮೂ ನೀಲಿಯಾಗಿದ್ದರೆ ಟೀ ಅಂಗಡಿಯವರು ಹೇಳಿದ್ದು ನಿಜ, ಮಾವ ಬಸ್ಸು ಹತ್ತಿದ್ದು ನ್ಯಾಯ, ಅವಳ ಕೈ ಅವಳಿಗೆ ಗೊತ್ತಿಲ್ಲದೆ ಅವಳಿಗೇ ಮೋಸ ಮಾಡಿದ್ದು ದಿಟ. ಇನ್ನು ಮೇಲೆ ಬಾಗಿಲ ಅಗುಳಿಯನ್ನೂ ಎರಡು ಸಲ ನೋಡಿಕೊಂಡು ಬದುಕಬೇಕು. ಆದರೆ ನೋಡದೆ ಬಿಟ್ಟರೆ ಇವತ್ತಿನ ರಾತ್ರಿಯೂ ನಿನ್ನೆಯದೇ. ಲೋಟ ಕೆಳಗಿಟ್ಟು ಎದ್ದಳು. ಎಡಗಡೆಗೆ ದಿಮ್ಮಿಯ ಆಸರೆ ಇಟ್ಟೇ, ಬಲಗಡೆಗೆ ಜಾಕಿ ಕೊಟ್ಟು ಇನ್ನೊಂದು ದಿಮ್ಮಿ ಸೇರಿಸಿದಳು.

"ಆ ಚಕ್ರ ಯಾಕವ್ವ? ಅದು ಸರಿಯಾಗಿತ್ತಲ್ಲ" ಎಂದರು ಚಿನ್ನಮ್ಮ.

"ಸರಿಯಾಗಿತ್ತಾ ಅಂತಲೇ ನೋಡ್ಬೇಕು ಅತ್ತೆ. ಲಿವರ್ ಇಳ್ಸದೆ ಓಡ್ಸಿದ್ರೆ ಇದೂ ಸುಟ್ಟಿರ್ತದೆ. ಸುಟ್ಟಿದ್ರೆ ನಂದೇ ತಪ್ಪು."

ಚಿನ್ನಮ್ಮ ಜಗಲಿ ಬಿಟ್ಟು ಬಂದು ಅವಳ ಪಕ್ಕದಲ್ಲಿ ಕುಕ್ಕುರುಗಾಲಲ್ಲಿ ಕೂತರು. ಜಾಕಿಯಲ್ಲಿ ಎದ್ದ ಚಕ್ರ ಕೈ ತಗುಲಿದ ಮಾತ್ರಕ್ಕೆ ತಿರುಗಿತು. ಅದು ಸಾಲದು. ಬೋಲ್ಟುಗಳನ್ನು ಬಿಚ್ಚುವಾಗ ಒಂದು ಕೈ ತಪ್ಪಿ ಉರುಳಿ ಹೋಯಿತು, ಅತ್ತೆ ಎತ್ತಿಕೊಟ್ಟರು. ಡ್ರಮ್ಮು ಹಟ ಮಾಡಲಿಲ್ಲ, ನಾಲ್ಕು ಏಟಿಗೆ ಕೈಗೆ ಬಂತು. ತಿರುಗಿಸಿ ಬೆಳಕಿಗೆ ಹಿಡಿದಳು. ಬೂದು ಬಣ್ಣ. ಹೊಸ ಬಾಣಲೆಯ ತಳದ ಬಣ್ಣ. ಒಂದು ನೀಲಿ ಗೆರೆಯಿಲ್ಲ, ಒಂದು ಸುಟ್ಟ ಕಲೆಯಿಲ್ಲ. ಶೂಗಳ ಮೇಲೆ ಒಣಗಿದ ನಯವಾದ ಧೂಳು. ಇಳಿಸಿದ್ದಳು. ಅವಳ ಕೈ ನಿನ್ನೆ ಛತ್ರದ ಮುಂದೆ ಸೆರಗನ್ನೂ ಎಳೆದುಕೊಂಡಿತ್ತು, ಲಿವರನ್ನೂ ಇಳಿಸಿತ್ತು, ತನ್ನ ಕೆಲಸವನ್ನು ಸದ್ದಿಲ್ಲದೆ ಮಾಡಿ ಮುಗಿಸಿತ್ತು, ಅವಳೊಬ್ಬಳೇ ಅದನ್ನು ನಂಬದೆ ರಾತ್ರಿಯೆಲ್ಲ ಕಳ್ಳನ ಹಾಗೆ ವಿಚಾರಿಸಿದ್ದಳು. ಡ್ರಮ್ಮನ್ನು ಅತ್ತೆಯ ಮಡಿಲಿಗೆ ಇಟ್ಟಳು. ಚಿನ್ನಮ್ಮ ಎಡಗಡೆಯದನ್ನೂ ತಂದು ಪಕ್ಕದಲ್ಲಿಟ್ಟು, ಬದನೆಕಾಯಿ ಆರಿಸುವಾಗಿನ ಕಣ್ಣಿನಿಂದ ಎರಡನ್ನೂ ತಿರುಗಿಸಿ ತಿರುಗಿಸಿ ನೋಡಿದರು. ಆಮೇಲೆ, "ಎಂಥ ಮಾತಾಡ್ಬುಟ್ರು ಕಣವ್ವ ನಿನ್ನ" ಎಂದರು.

ಪುಟ್ಟಬಸವಯ್ಯ ರಂಗನಾಯಕನನ್ನು ಕರೆದುಕೊಂಡು ಹೊತ್ತಿಗೆ ಮುಂಚೆಯೇ ಬಂದರು. ಅಂಗಳದಲ್ಲಿ ಕಾರು ಹಿಂದಿನ ಎರಡು ಚಕ್ರವಿಲ್ಲದೆ ದಿಮ್ಮಿಗಳ ಮೇಲೆ ಕೂತಿತ್ತು, ಬಟ್ಟೆಯ ಗಳುವಿನಿಂದ ಕೇಬಲ್ಲು ತೂಗುತ್ತಿತ್ತು, ಸೊಸೆಯ ಮೊಣಕೈವರೆಗೆ ಮಸಿ. "ಗಾಡೀನೆಲ್ಲ ಬಿಚ್ಚಾಕ್ಬುಟ್ಟವ್ಳಲ್ಲಪ್ಪ!" ಎಂದು ಅವರು ವಸ್ತ್ರವನ್ನು ಹೆಗಲಿನಿಂದ ಕೈಗೆ ತೆಗೆದುಕೊಂಡರು. ರುದ್ರಾಣಿ ಎದ್ದು ನಿಂತಳು. ಬೆಳಿಗ್ಗೆಯಿಂದ ಸಾಣೆ ಹಿಡಿದಿಟ್ಟಿದ್ದ ಮಾತುಗಳು ನಾಲಿಗೆಯ ತುದಿಗೆ ಬಂದವು. ಅವಳು ಬಾಯಿ ತೆರೆಯುವ ಮೊದಲೇ ಚಿನ್ನಮ್ಮ ಎರಡೂ ಡ್ರಮ್ಮುಗಳನ್ನು ಗಂಡನ ಕಾಲ ಮುಂದೆ ದಡದಡನೆ ಇಟ್ಟರು.

"ನೋಡಿ ಇಲ್ಲಿ. ಎರಡ್ ಚಕ್ರಕ್ಕೂ ಇರೋದು ಒಂದೇ ಲಿವರು. ಬುಡದೆ ಓಡ್ಸಿದ್ರೆ ಎರಡೂ ಸುಡ್ಬೇಕಾಗಿತ್ತಾ ಇಲ್ವಾ? ಒಂದೇ ಯಾಕ್ ಸುಡ್ತು ಏಳಿ? ಅವಳು ಬುಟ್ಟೇ ಓಡ್ಸವ್ಳೆ. ಕೇಬುಲ್ಲೇ ಇಡ್ಕಂಡಿರೋದು. ನಾನೇ ಒಳಗೆ ಕುಂತು ಎಳ್ದು ಬುಟ್ಟು ನೋಡಿವ್ನಿ."

"ನೀನಾ?" ಎಂದರು ಪುಟ್ಟಬಸವಯ್ಯ. ಬ್ರೇಕಿಗಿಂತ ಅದೇ ಅವರಿಗೆ ದೊಡ್ಡ ಸುದ್ದಿಯಾದಂತೆ ಕಂಡಿತು. ರಂಗನಾಯಕ ಬಗ್ಗಿ ಡ್ರಮ್ಮುಗಳನ್ನು ನೋಡಿ, "ಅಮ್ಮಾವ್ರು ಏಳೋದು ಸರಿ ಸಾವ್ಕಾರ್ರೆ" ಎಂದ. ಮಾವ ಅವಳ ಕಡೆ ತಿರುಗಿದರು. "ಮತ್ತೆ ಕೇಬುಲ್ಲು ಯಾಕ್ ಇಡ್ಕತು?"

ಇದಕ್ಕೇ ಅಲ್ಲವೇ ಅವಳು ಬೆಳಿಗ್ಗೆಯಿಂದ ಕಾದಿದ್ದು. ಆದರೆ ಬಲಗಡೆಯ ಡ್ರಮ್ಮು ಕೈಗೆ ಬಂದಾಗಲೇ ಸೇಡಿನ ಮುಕ್ಕಾಲು ಪಾಲು ಕರಗಿಹೋಗಿತ್ತು, ಉಳಿದ ಕಾಲು ಪಾಲು ಇಟ್ಟುಕೊಂಡು ಏನು ಮಾಡುವುದು. ಹಾಗೆಂದು ಮುಚ್ಚಿಡುವುದೂ ಆಗದು, ಮುಚ್ಚಿಟ್ಟರೆ ಬರುವ ಸೋಮವಾರ ಮತ್ತೆ ಅದೇ ನೀರು. "ಸೋಮವಾರ ಒಳೆಗೆ ಇಳುಸ್ತೀವಲ್ಲ ಮಾವ, ಎಡಗಡೆ ಆಳ. ಅರಿದ ರಬ್ಬರಿಂದ ನೀರು ಓಗಿ ತುಕ್ಕು ಇಡ್ದದೆ. ಒದ್ದೇಲೆ ಬಿಗಿಯಾಗಿ ಎಳೆದು ನಿಲ್ಸುದ್ರೆ ಬ್ರೇಕು ಅಂಗೇ ಕಚ್ಕತದೆ. ಇನ್ಮೇಲೆ ಚಕ್ರಕ್ಕೆ ನೀರು ಬ್ಯಾಡ. ಹೊಸ ಕೇಬುಲ್ಲು ಸಿಗೋಗಂಟ ಇದು ನಡೀತದೆ" ಎಂದಳು. ದನಿ ಏರಲಿಲ್ಲ, ನಡುಗಲೂ ಇಲ್ಲ. ಮಾವ ಗಳುವಿನ ಹತ್ತಿರ ಹೋಗಿ ಕೇಬಲ್ಲಿನ ತುದಿಯಿಂದ ತೊಟ್ಟಿಕ್ಕುತ್ತಿದ್ದ ಎಣ್ಣೆಯನ್ನು ನೋಡಿದರು. ಕೆಂಪಗೆ ಇಳಿಯುತ್ತಿದ್ದದ್ದು ಈಗ ಸ್ವಚ್ಛವಾಗಿ ಇಳಿಯುತ್ತಿತ್ತು.

"ಬಾನೆಟ್ಟಿಗೆ ಒಂದ್ ಚೊಂಬು ಉಯ್ಯಬೋದಾ?" ಎಂದು ಕೇಳಿದರು.

"ಬಾನೆಟ್ಟಿಗೆ ಎಷ್ಟಾದ್ರೂ ಉಯ್ಯಿರಿ ಮಾವ."

ಅವಳು ಜೋಡಿಸುವುದನ್ನು ಇಬ್ಬರು ಗಂಡಸರೂ ಜಗಲಿಯ ಮೇಲೆ ಕೂತು ನೋಡಿದರು. ಕೇಬಲ್ಲು 'ಎಳೆ' ಅಂದರೆ ಬಂತು, 'ಬಿಡು' ಅಂದರೆ ಹೋಯಿತು. ಚಿನ್ನಮ್ಮ ಈ ಸಲ ಹೇಳಿಸಿಕೊಳ್ಳದೆ ಹತ್ತಿ ಕೂತಿದ್ದರು. ಡ್ರಮ್ಮು ಹಾಕಿ ತಿರುಗಿಸಿದರೆ ಎಡಗಡೆಯ ಚಕ್ರ ಬಲಗಡೆಯದರ ಹಾಗೆಯೇ ಸುಮ್ಮನೆ ಸುತ್ತಿತು, ಸುತ್ತುತ್ತಲೇ ಇತ್ತು. ಗಾಡಿಯನ್ನು ಕೆಳಗಿಳಿಸಿ, ಚಕ್ರದ ಬೋಲ್ಟುಗಳನ್ನು ಮತ್ತೊಮ್ಮೆ ಬಿಗಿದು, ಕಲ್ಲು ತೆಗೆದು, ಕೈ ತೊಳೆದು, ಅವಳು ಸ್ಟೇರಿಂಗಿನ ಮುಂದೆ ಕೂತಳು. ಯಾರ ಅಪ್ಪಣೆಯನ್ನೂ ಕೇಳಲಿಲ್ಲ. ಓಣಿಯಲ್ಲಿ ನಿಧಾನವಾಗಿ ಹೋಗಿ ಬ್ರೇಕ್ ಒತ್ತಿ ನೋಡಿದಳು, ಹಿಡಿಯಿತು, ಬಿಟ್ಟಿತು. ಹಿಂದಕ್ಕೆ ಬಂದಾಗ ಮಾವ ಹೆಬ್ಬಾಗಿಲಲ್ಲಿ ನಿಂತಿದ್ದರು. ಚಿನ್ನಮ್ಮ ಆಗಲೇ ಮುಂದಿನ ಪಕ್ಕದ ಸೀಟಿಗೆ ಸರಿದು ಕೂತಿದ್ದರು, ಇಳಿಯುವ ಲಕ್ಷಣ ಕಾಣಲಿಲ್ಲ. ಪುಟ್ಟಬಸವಯ್ಯ ಒಂದು ಗಳಿಗೆ ಬಾಗಿಲು ಹಿಡಿದುಕೊಂಡು ನಿಂತು, ಆಮೇಲೆ ಹಿಂದಕ್ಕೆ ಹೋಗಿ ರಂಗನಾಯಕನ ಪಕ್ಕದಲ್ಲಿ ಕೂತರು.

ನರಸೀಪುರದ ರಸ್ತೆಯಲ್ಲಿ ಕಾರು ಓಡಿತು. ಓಡಿತು ಅನ್ನುವುದಕ್ಕಿಂತ, ಇಷ್ಟು ದಿನ ಯಾರೋ ಹಿಂದಿನಿಂದ ಸೆರಗು ಹಿಡಿದು ಜಗ್ಗುತ್ತಿದ್ದವರು ಕೈ ಬಿಟ್ಟ ಹಾಗಿತ್ತು. ತನ್ನ ಗಾಡಿ ಎಷ್ಟು ಹಗುರವೆಂದು ಅವಳಿಗೆ ಇದುವರೆಗೂ ಗೊತ್ತೇ ಇರಲಿಲ್ಲ. ಒತ್ತಿದ್ದನ್ನು ಬಿಟ್ಟರೂ ಅದು ತನ್ನಷ್ಟಕ್ಕೆ ಗದ್ದೆಗಳ ಪಕ್ಕದಲ್ಲಿ ಹೋಗುತ್ತಿತ್ತು. "ವಸಿ ಜೋರಾಗೇ ಓಡ್ಸು" ಎಂದರು ಚಿನ್ನಮ್ಮ. ಹಿಂದಿನಿಂದ ಯಾರೂ ಬೇಡವೆನ್ನಲಿಲ್ಲ. ಮೈಲುಗಟ್ಟಲೆ ಹೋಗಿ ತಿರುಗಿಸಿಕೊಂಡು ಬಂದು, ಮಾವ ಹೇಳಿದಂತೆ ಮಂಡಿಯ ಬೀದಿಯಲ್ಲಿ ನಿಲ್ಲಿಸಿದಳು. ಸಂಜೆಯ ವ್ಯಾಪಾರದ ಹೊತ್ತು, ಅಂಗಡಿಗಳ ಮುಂದೆ ಜನ ತುಂಬಿದ್ದರು. ಅಮೃತೇಶ ಮೂಟೆಗಳ ಹಿಂದಿನಿಂದ ಎದ್ದು ನಿಂತ. ಪುಟ್ಟಬಸವಯ್ಯ ಇಳಿದವರು ಮಂಡಿಯ ಒಳಗೆ ಹೋಗಲಿಲ್ಲ. ಬಿಳಿ ಪಂಚೆಯಲ್ಲಿಯೇ ಮಣ್ಣಿನ ಮೇಲೆ ಮಂಡಿಯೂರಿ, ಹಿಂದಿನ ಎಡಗಡೆಯ ಚಕ್ರದ ನಡುವಿಗೆ ಅಂಗೈ ಇಟ್ಟರು. ತೆಗೆಯಲಿಲ್ಲ. ಹಾಗೆಯೇ ಇಟ್ಟುಕೊಂಡಿದ್ದರು.

"ಏನ್ ಪುಟ್ಟಬಸವಯ್ಯ, ಏನ್ ಬಿದ್ದೋಯ್ತು?" ಎಂದು ಎದುರಂಗಡಿಯ ಗಂಗಾಧರಸ್ವಾಮಿ ಗಲ್ಲಾಪೆಟ್ಟಿಗೆಯ ಹತ್ತಿರದಿಂದ ಕೂಗಿದರು.

"ಏನೂ ಬಿದ್ದಿಲ್ಲ ಕಣಯ್ಯ" ಎಂದರು ಮಾವ, ಇಡೀ ಬೀದಿಗೆ ಕೇಳುವ ಹಾಗೆ. "ನಮ್ ಸೊಸೆ ಮನೇಲೇ ಬ್ರೇಕ್ ಬಿಚ್ಚಿ ಕಟ್ಟವ್ಳೆ. ಬಾ, ಮುಟ್ ನೋಡು, ಎಂಗ್ ತಣ್ಣಗದೆ!"

ಗಂಗಾಧರಸ್ವಾಮಿ ಬಂದು ಮುಟ್ಟಿದರು. ಅವರ ಹಿಂದೆ ಇನ್ನೊಬ್ಬರು, ಮೂಟೆ ಹೊರುವವರು, ಕೊನೆಗೆ ಅಮೃತೇಶ. ಸ್ಟೇರಿಂಗಿನ ಮುಂದೆ ನೆಟ್ಟಗೆ ಕೂತ ರುದ್ರಾಣಿ ಕನ್ನಡಿಯಲ್ಲಿ ಒಂದಾದ ಮೇಲೊಂದು ಬಗ್ಗುವ ತಲೆಗಳನ್ನು ನೋಡಿದಳು. ಕಣ್ಣು ತುಂಬಿತು, ಒರೆಸಿಕೊಂಡರೆ ಉಗುರಿನ ಮಸಿ ಕೆನ್ನೆಗೆ ಹತ್ತಿತು. ಹತ್ತಲಿ. ಗೇರು ಹಾಕಿ, ಕಿಟಕಿಯಿಂದ ತಲೆ ಹೊರಗೆ ಹಾಕಿ ಕೂಗಿದಳು:

"ಹೊತ್ತಾಯ್ತು ಮಾವ, ಗಾಡಿ ಅತ್ತಿ. ಬಾಗ್ಲು ಸರಿಯಾಗಿ ಹಾಕ್ಕಳಿ."